ಹಳೆಯ ಮನೆಗಳಲ್ಲಿ ಹಿತ್ತಿಲ ಬಾಗಿಲು ಹುಡುಕುತ್ತಾ

ಪ್ರವಾಸಕ್ಕೆ ಹೋದ ಊರಲ್ಲಿ ಹಳೆಯ ಮನೆಯೊಂದನ್ನು ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ ಅಂತ ಗೊತ್ತಾದರೆ ನಾನು ಬಿಡುವುದಿಲ್ಲ. ಜಲಪಾತ, ಬೀಚು, ವ್ಯೂ ಪಾಯಿಂಟ್ ಎಲ್ಲ ಆಮೇಲೆ. ದೊಡ್ಡ ಮ್ಯೂಸಿಯಂಗಳ ಮೇಲೆ ನನಗೆ ಸಿಟ್ಟೇನೂ ಇಲ್ಲ. ಆದರೆ ಅಲ್ಲಿ ವಸ್ತುಗಳು ತಮ್ಮ ಜಾಗ ಬಿಟ್ಟು ಗಾಜಿನೊಳಗೆ ಬಂದು ಕೂತಿರುತ್ತವೆ. ಮನೆಯಲ್ಲಿ ಹಾಗಲ್ಲ. ಬಾಗಿಲು ಎಷ್ಟು ಗಿಡ್ಡ, ಅಟ್ಟದ ಏಣಿ ಎಷ್ಟು ಕಡಿದು, ಬಾವಿಯಿಂದ ಬಚ್ಚಲಿಗೆ ಎಷ್ಟು ದೂರ, ನಡು ಮಧ್ಯಾಹ್ನದಲ್ಲೂ ಒಳಕೋಣೆಯಲ್ಲಿ ಎಷ್ಟು ಕತ್ತಲು, ಇವೆಲ್ಲ ಒಳಗೆ ಓಡಾಡಿದರೆ ಮೈಗೇ ಗೊತ್ತಾಗುತ್ತವೆ. ಎಷ್ಟು ಓದಿದರೂ ಇದು ಹೀಗೆ ಗೊತ್ತಾಗುವುದಿಲ್ಲ.

ಒಳಗೆ ಹೋದ ಮೇಲೆ ನನಗೊಂದು ಅಭ್ಯಾಸ ಬೆಳೆದಿದೆ. ಚಾವಡಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಲ್ಲಿ ಯಜಮಾನರ ಫೋಟೋ, ಅವರು ಕೂರುತ್ತಿದ್ದ ಕುರ್ಚಿ, ಗೋಡೆಗೆ ಒಂದೆರಡು ಕತ್ತಿ, ಜಿಂಕೆ ಕೊಂಬು. ನೋಡಿದ್ದಾಯಿತು ಅಂತ ನೇರ ಅಡುಗೆಮನೆ ಕೇಳುತ್ತೇನೆ. ಅಡುಗೆಮನೆಯಿಂದ ಹಿತ್ತಿಲ ಬಾಗಿಲು. ಆ ಬಾಗಿಲಿಂದ ಯಾರು ಒಳಗೆ ಬರುತ್ತಿದ್ದರು, ಎಲ್ಲಿಯವರೆಗೆ ಬರುತ್ತಿದ್ದರು, ಯಾರು ಬರುವ ಹಾಗಿರಲಿಲ್ಲ? ಒಂದು ಮನೆಯ ಕಥೆ ನನ್ನ ಮಟ್ಟಿಗೆ ಅಲ್ಲಿಂದ ಶುರು. ಮುಂಬಾಗಿಲಿನ ಕಥೆ ಹೇಗೂ ಬೋರ್ಡಿನ ಮೇಲೆ ಬರೆದಿರುತ್ತದೆ.

ಪದ್ಮನಾಭಪುರಂ ಅರಮನೆ ನೋಡಿದ ಮೇಲೆ ಈ ಅಭ್ಯಾಸ ಜಾಸ್ತಿಯಾಯಿತು. ಅದು ಇರುವುದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿ, ನೋಡಿಕೊಳ್ಳುವುದು ಕೇರಳ ಸರ್ಕಾರ. 18ನೇ ಶತಮಾನದ ಕೊನೆಯವರೆಗೂ ತಿರುವಾಂಕೂರಿನ ರಾಜಧಾನಿ ಆಗಿದ್ದ ಜಾಗ. ಮರದ ಕೆತ್ತನೆ ನೋಡುತ್ತಾ ಕತ್ತು ನೋಯುತ್ತದೆ. ನೆಲ ಕಪ್ಪಗೆ ಕನ್ನಡಿಯಂತೆ ಹೊಳೆಯುತ್ತದೆ. ಸುಟ್ಟ ತೆಂಗಿನ ಚಿಪ್ಪಿನ ಮಸಿ, ಸುಣ್ಣ, ಮೊಟ್ಟೆಯ ಬಿಳಿ ಸೇರಿಸಿ ಮಾಡಿದ್ದು ಅಂತ ಅಲ್ಲಿ ಹೇಳುತ್ತಾರೆ. ಎಲ್ಲರೂ ಆ ನೆಲದ ಫೋಟೋ ತೆಗೆಯುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಊಟದ ಶಾಲೆ. ಎರಡು ಅಂತಸ್ತಿನ ಉದ್ದೋ ಉದ್ದ ಹಾಲ್. ಒಂದೊಂದರಲ್ಲಿ ಸಾವಿರ ಜನ ಕೂತು ಉಣ್ಣಬಹುದಂತೆ. ಅರಸರು ಬ್ರಾಹ್ಮಣರಿಗೆ ಅನ್ನದಾನ ಮಾಡಿಸುತ್ತಿದ್ದ ಜಾಗ. ಉಪ್ಪಿನಕಾಯಿಯ ದೊಡ್ಡ ದೊಡ್ಡ ಭರಣಿಗಳು ಇನ್ನೂ ಇವೆ. ಅಲ್ಲಿ ನಿಂತರೆ ಲೆಕ್ಕ ತಾನಾಗಿ ಶುರುವಾಗುತ್ತದೆ. ಸಾವಿರ ಜನಕ್ಕೆ ಎಷ್ಟು ಅಕ್ಕಿ, ಆ ಅಕ್ಕಿ ಕುಟ್ಟಿದವರು ಎಷ್ಟು ಜನ, ಎಷ್ಟು ಕಾಯಿ ತುರಿಯಬೇಕು, ಎಷ್ಟು ಕೊಡ ನೀರು, ಎಷ್ಟು ಹೊರೆ ಸೌದೆ, ಉಂಡ ಎಲೆ ಎತ್ತಿದವರು ಯಾರು, ಅವರು ಉಂಡದ್ದು ಎಷ್ಟು ಹೊತ್ತಿಗೆ? ದಾನ ಕೊಟ್ಟವರ ಹೆಸರು ಇದೆ. ತೆಗೆದುಕೊಂಡವರು ಯಾರು ಅಂತಲೂ ಗೊತ್ತು. ನಡುವೆ ಹೊಗೆ ಕುಡಿದವರ ಬಗ್ಗೆ ಆ ಹಾಲ್‌ನಲ್ಲಿ ನಿಂತು ಯೋಚಿಸಬೇಕು ಅಷ್ಟೆ.

ನಮ್ಮ ಕಡೆಗೆ ಬರೋಣ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡದೇ ಇದ್ದವರು ದಯವಿಟ್ಟು ಒಮ್ಮೆ ಹೋಗಿ. ಅರ್ಧ ದಿನ ಇಟ್ಟುಕೊಂಡು ಹೋಗಿ, ಉಡುಪಿಯ ಊಟಕ್ಕೂ ಕೃಷ್ಣ ಮಠಕ್ಕೂ ನಡುವಿನ ಒಂದು ಗಂಟೆಯಲ್ಲಿ ಮುಗಿಸುವಂಥದ್ದಲ್ಲ ಅದು. ವಿಜಯನಾಥ ಶೆಣೈ ಅನ್ನುವ ಒಬ್ಬ ಮನುಷ್ಯ, ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಊರೂರು ತಿರುಗಿ ಹುಡುಕಿದರು. ಕಂಬ, ತೊಲೆ, ಬಾಗಿಲು ಒಂದೊಂದನ್ನೂ ಬಿಚ್ಚಿ ತಂದು ಮತ್ತೆ ಮನೆಯಾಗಿ ನಿಲ್ಲಿಸಿದರು. ಶೆಣೈ ತೀರಿಕೊಂಡದ್ದು 2017ರಲ್ಲಿ. ಕರಾವಳಿಯ ಚೌಕಿಮನೆ ಅಲ್ಲಿದೆ, ಮುಧೋಳದ ದರ್ಬಾರ್ ಹಾಲ್ ಇದೆ, ಬೀದರ್ ಕಡೆಯ ನವಾಬರ ಮಹಲ್ ಇದೆ. ಕರಾವಳಿಯ ತಗ್ಗು ಸೂರಿನ ಕೆಳಗಿಂದ ಹೊರಗೆ ಬಂದು ಸ್ವಲ್ಪ ನಡೆದರೆ ಬಣ್ಣದ ಗಾಜಿನ ಕಿಟಕಿಗಳ ಮಹಲು. ಇಡೀ ಕರ್ನಾಟಕದ ಮಳೆ ಬಿಸಿಲಿನ ವ್ಯತ್ಯಾಸ ಆ ಸೂರುಗಳಲ್ಲೇ ಕಾಣುತ್ತದೆ. ಮಳೆ ಜೋರಾಗಿರುವ ಕಡೆ ಸೂರು ಇಳಿಜಾರಾಗಿ ಮುಂದಕ್ಕೆ ಚಾಚಿ, ಗೋಡೆಗೆ ಎರಚಲು ಬಡಿಯದ ಹಾಗೆ ಕಾಯುತ್ತದೆ. ಶೆಣೈ ಅವರ ಹಠ ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕು ಅನಿಸುತ್ತದೆ.

ಆದರೆ ಕರಾವಳಿಯ ಅಷ್ಟೊಂದು ದೊಡ್ಡ ಮನೆಗಳು ಬೀಳುವ ಹಂತಕ್ಕೆ ಬಂದದ್ದು ಯಾಕೆ? ಇದನ್ನು ಕೇಳದೆ ಆ ಕಂಬಗಳನ್ನು ನೋಡಿದರೆ ಅರ್ಧ ನೋಡಿದ ಹಾಗೆ. ಮಕ್ಕಳು ಬೊಂಬಾಯಿಗೆ, ಬೆಂಗಳೂರಿಗೆ ಹೋದರು, ಕೂಡು ಕುಟುಂಬ ಒಡೆಯಿತು, ಪಾಲಾಯಿತು. ಇದೆಲ್ಲ ನಿಜ. ಇನ್ನೊಂದು ಕಾರಣ 1974ರ ಭೂ ಸುಧಾರಣೆ. ಆ ವರ್ಷದ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಒಕ್ಕಲುಗಳು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ತಾವು ಉಳುತ್ತಿದ್ದ ಗದ್ದೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ದೇವರಾಜ ಅರಸರ ಕಾಲದ ಈ ಕಾನೂನು ರಾಜ್ಯದಲ್ಲೇ ಅತಿ ಹೆಚ್ಚು ಕೆಲಸ ಮಾಡಿದ ಜಿಲ್ಲೆಗಳಲ್ಲಿ ಆಗಿನ ದಕ್ಷಿಣ ಕನ್ನಡ ಮುಂದಿತ್ತು. ಈಗಿನ ಉಡುಪಿಯೂ ಆಗ ಅದರೊಳಗೇ ಇತ್ತು. ವರ್ಷ ವರ್ಷ ಗೇಣಿಯಾಗಿ ಅಂಗಳಕ್ಕೆ ಬಂದು ಬೀಳುತ್ತಿದ್ದ ಅಕ್ಕಿಮುಡಿ ನಿಂತಿತು. ಮುಡಿ ನಿಂತ ಮೇಲೆ ಅಷ್ಟು ದೊಡ್ಡ ಕಣಜ ಯಾಕೆ, ಅಷ್ಟು ಉದ್ದದ ಚಾವಡಿ ಯಾಕೆ? ಹಂಚು ಬದಲಿಸುವ ಖರ್ಚನ್ನು ಯಾರು ಕೊಡಬೇಕು?

ಹೀಗಾಗಿ ಅಂಥ ಮನೆಗಳ ಮುಂದೆ ನನಗೆ ಎರಡು ಭಾವನೆ ಒಟ್ಟಿಗೇ ಬರುತ್ತವೆ. ಆ ಹಲಸಿನ ಮರದ ಕಂಬ ಉಳಿದದ್ದು ದೊಡ್ಡ ಖುಷಿ. ಆ ಮನೆ ಬಿದ್ದದ್ದು ಇನ್ನೆಷ್ಟೋ ಸಣ್ಣ ಮನೆಗಳು ಎದ್ದ ಕಾರಣಕ್ಕೆ ಅನ್ನುವುದೂ ಖುಷಿಯೇ. ಕರಾವಳಿಯಲ್ಲೇ ಇನ್ನೊಂದು ಕಡೆ, ಹೆಸರು ಬೇಡ, ಹಳೆಯ ಮನೆ ತೋರಿಸುತ್ತಿದ್ದವರು "ಭೂಮಿ ಹೋಯಿತು, ಮನೆಯ ವೈಭವವೂ ಹೋಯಿತು" ಅಂದರು. ಹೋದ ಭೂಮಿ ಯಾರಿಗೆ ಹೋಯಿತು ಅಂತ ಕೇಳಿದೆ. "ಒಕ್ಕಲಿನವರಿಗೆ" ಅಂದರು. ಆ ಒಕ್ಕಲಿನ ಮನೆಗಳು ಇಲ್ಲೇ ಹತ್ತಿರ ಇವೆಯಾ? ಇವೆಯಂತೆ, ಗದ್ದೆಯ ಆಚೆ. ಅಲ್ಲಿಗೆ ಪ್ರವಾಸಿಗರನ್ನು ಯಾರೂ ಕರೆದುಕೊಂಡು ಹೋಗುವುದಿಲ್ಲ. ಗೇಣಿ ಚೀಟಿ, ನ್ಯಾಯಮಂಡಳಿಯ ಆದೇಶದ ಕಾಗದ, ಅಳೆದು ಕೊಡುತ್ತಿದ್ದ ಕಳಸಿಗೆ, ಇವು ಆ ಮನೆಯ ಚಾವಡಿಯಲ್ಲೇ ಫೋಟೋಗಳ ಪಕ್ಕ ಇದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಮನೆಗೆ ಅವಮಾನ ಅಂತ ನನಗೆ ಅನಿಸುವುದಿಲ್ಲ. ಮನೆಯ ಲೆಕ್ಕ ಪೂರ್ತಿಯಾಗುತ್ತದೆ.

ಕುಪ್ಪಳಿಯ ಕವಿಮನೆಗೆ ಹೋದಾಗಲೆಲ್ಲ ಈ ಲೆಕ್ಕ ಬೇರೆ ರೀತಿ ಕಾಡುತ್ತದೆ. ತೀರ್ಥಹಳ್ಳಿ ತಾಲೂಕಿನ ಆ ಮೂರಂತಸ್ತಿನ ತೊಟ್ಟಿಮನೆ ಕುವೆಂಪು ಬೆಳೆದ ಮನೆ. ಕೆಳಗೆ ಮಲೆನಾಡಿನ ಬೇಸಾಯದ ಮನೆಯೊಂದಕ್ಕೆ ಬೇಕಾದ ಪಾತ್ರೆ ಪರಡಿ, ಮೇಲೆ ಕವಿಯ ಬಟ್ಟೆ, ಕನ್ನಡಕ, ಹಸ್ತಪ್ರತಿ, ಪ್ರಶಸ್ತಿಗಳು. 2015ರಲ್ಲಿ ಇಲ್ಲಿ ಕಳ್ಳತನವಾಗಿ ಪದ್ಮ ಪ್ರಶಸ್ತಿಯ ಪದಕಗಳು ಹೋದವು. ಆ ಸುದ್ದಿ ಓದಿದ ದಿನ ನಮ್ಮದೇ ಮನೆಗೆ ಕನ್ನ ಬಿದ್ದ ಹಾಗೆ ಹೊಟ್ಟೆ ಉರಿದಿತ್ತು. ಜನ ಮೇಲಿನ ಮಹಡಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ. ನಾನು ಕೆಳಗಿನ ಒಳ ಅಂಗಳದಲ್ಲಿ ಕೂರುತ್ತೇನೆ. ಮಳೆಗಾಲದಲ್ಲಿ ಹೋಗಿ ಅಂತ ಎಲ್ಲರಿಗೂ ಹೇಳುತ್ತೇನೆ, ರಸ್ತೆ ಕಷ್ಟ, ಜಿಗಣೆ ಕಾಟ, ಆದರೂ ಆ ತೊಟ್ಟಿಯೊಳಗೆ ನಾಲ್ಕೂ ಕಡೆಯ ಸೂರಿನಿಂದ ನೀರು ಬೀಳುವಾಗ ಆ ಮನೆಯನ್ನು ಯಾಕೆ ಹಾಗೆ ಕಟ್ಟಿದರು ಅಂತ ಯಾರೂ ವಿವರಿಸಬೇಕಾಗಿಲ್ಲ.

ಇಂಥ ಮನೆಗಳನ್ನು ಉಳಿಸುವುದು ಸುಲಭವಲ್ಲ. ಮಲೆನಾಡಿನ ಮಳೆಗೆ ಮರ ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ. ಜನ ವಾಸವಿದ್ದಾಗ ದಿನವಿಡೀ ಒಲೆ ಉರಿಯುತ್ತಿತ್ತು. ಆ ಹೊಗೆ ಅಟ್ಟಕ್ಕೆ ಏರಿ ತೊಲೆ, ಪಕಾಸು ಎಲ್ಲವನ್ನೂ ಕಪ್ಪಾಗಿಸಿ ಹುಳ ಬಾರದ ಹಾಗೆ ನೋಡಿಕೊಳ್ಳುತ್ತಿತ್ತು. ಒಲೆಯ ಮುಂದೆ ಕೂತವರ ಕಣ್ಣು ಉರಿಸಿದ ಹೊಗೆಯೇ ಮನೆಯನ್ನೂ ಕಾಯುತ್ತಿತ್ತು. ಮ್ಯೂಸಿಯಂ ಆದ ಮೇಲೆ ಒಲೆ ಆರುತ್ತದೆ. ಆಮೇಲೆ ಎಣ್ಣೆ, ಔಷಧಿ, ದುರಸ್ತಿ ಅಂತ ಪ್ರತಿ ವರ್ಷ ಖರ್ಚು. ನೀವು ಕೊಡುವ ಸಣ್ಣ ಟಿಕೆಟ್ ದುಡ್ಡು ಹೋಗುವುದು ಇದಕ್ಕೇ, ದಯವಿಟ್ಟು ಅದಕ್ಕೆ ಚೌಕಾಸಿ ಮಾಡಬೇಡಿ.

ಕುವೆಂಪು ಕಾದಂಬರಿ ಓದಿದವರಿಗೆ ನಾಯಿಗುತ್ತಿ ಗೊತ್ತು. ಜೀತದಾಳು. ಅವನ ನಾಯಿ ಹುಲಿಯ. ಅಂಥ ದೊಡ್ಡ ಮನೆಯಲ್ಲಿ ಬೆಳೆದ ಹುಡುಗ ಮುಂದೆ ಬರೆಯಲು ಕೂತಾಗ ಚಾವಡಿಯ ಮೇಲೆ ಕೂತವರಷ್ಟೇ ಅಂಗಳದ ಹೊರಗೆ ನಿಂತವರನ್ನೂ ಕಂಡ. ಅವರ ಹಸಿವು, ಪ್ರೀತಿ, ಹಟ ಎಲ್ಲವನ್ನೂ ಕಂಡ. ಅವರಿಗೆ ಹೆಸರು ಕೊಟ್ಟ. ಕವಿಮನೆಯಲ್ಲಿ ನಿಂತಾಗ ನನಗೆ ಪ್ರಶಸ್ತಿಗಳಿಗಿಂತ ಇದು ದೊಡ್ಡದು ಅನಿಸುತ್ತದೆ.

ಇದೇ ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಆಗಿದ್ದರು. ಅದರ ಕ್ಯಾಂಪಸ್‌ಗೆ ಮಾನಸಗಂಗೋತ್ರಿ ಅನ್ನುವುದು ಅವರು ಇಟ್ಟ ಹೆಸರು. ಅಲ್ಲಿರುವ ಜಯಲಕ್ಷ್ಮಿ ವಿಲಾಸ ಅರಮನೆಯೂ ಅವರ ಕಾಲದಲ್ಲೇ ವಿಶ್ವವಿದ್ಯಾನಿಲಯಕ್ಕೆ ಸೇರಿತು. 1905ರ ಹೊತ್ತಿಗೆ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಗಾಗಿ ಕಟ್ಟಿಸಿದ ಮನೆ ಅದು, ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಅವರು. ಅಂಥ ಅರಮನೆಯ ಕೋಣೆಗಳಿಗೆ ಮುಂದೆ ಬಂದು ಸೇರಿದ್ದೇನು ಗೊತ್ತಾ? ಹಳ್ಳಿಗಳಿಂದ ತಂದ ನೇಗಿಲು, ಕೂರಿಗೆ, ಒನಕೆ, ಬೀಸುವ ಕಲ್ಲು, ಸೇರು ಪಾವು, ಯಕ್ಷಗಾನದ ಕಿರೀಟ, ತೊಗಲು ಗೊಂಬೆ. ಜಾನಪದ ವಸ್ತುಸಂಗ್ರಹಾಲಯ. ವಿದ್ವಾಂಸರು, ಕಲಾವಿದರು ಹಳ್ಳಿ ಹಳ್ಳಿ ಸುತ್ತಿ, ಜನ ಹಿತ್ತಿಲಿಗೆ ಎಸೆಯಬೇಕೆಂದಿದ್ದ ವಸ್ತುಗಳನ್ನೆಲ್ಲ ಹೊತ್ತು ತಂದರು. ಹಿತ್ತಿಲ ಬಾಗಿಲ ಆಚೆ ಇದ್ದದ್ದೆಲ್ಲ ಅರಮನೆಯ ಮುಂಬಾಗಿಲಿಂದ ಒಳಗೆ ಬಂತು. ಕರ್ನಾಟಕದಲ್ಲಿ ನನಗೆ ಅತ್ಯಂತ ಇಷ್ಟವಾದ ಮ್ಯೂಸಿಯಂ ಯಾವುದು ಅಂದರೆ ಹಿಂದೆ ಮುಂದೆ ನೋಡದೆ ಇದನ್ನು ಹೇಳುತ್ತೇನೆ. ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ ಕಟ್ಟಿದ ಜಾನಪದ ಲೋಕ ಎರಡನೆಯದು. ಅದು ಮೈಸೂರು ರಸ್ತೆಯಲ್ಲೇ ಇದೆ. ಅಲ್ಲಿ ಕಾಫಿಗೆ ಮಾತ್ರ ಕಾರು ನಿಲ್ಲಿಸುವವರು ಒಂದು ಗಂಟೆ ಹೆಚ್ಚು ಕೊಟ್ಟು ಒಳಗೆ ಹೋಗಬೇಕು.

ಊರಿನ ಚರಿತ್ರೆಯ ಮ್ಯೂಸಿಯಂಗಳ ವಿಷಯ ಬಂದಾಗ ಒಂದು ಮಾತು. ಕಟ್ಟಡದ ಒಳಗೆ ಹೋಗುವ ಮೊದಲು ಹೊರಗಿನ ಹುಲ್ಲಿನ ಮೇಲೆ ನಿಲ್ಲಿಸಿದ ಕಲ್ಲುಗಳನ್ನು ನೋಡಿ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಅಂಗಳದಲ್ಲಿ ಬಹಳ ಇವೆ. ಜನ ಅವುಗಳ ಪಕ್ಕದಲ್ಲೇ ಚಪ್ಪಲಿ ಸರಿ ಮಾಡಿಕೊಂಡು ಒಳಗೆ ಹೋಗುತ್ತಾರೆ. ಅವು ವೀರಗಲ್ಲುಗಳು. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ಸತ್ತವನನ್ನು ಅಪ್ಸರೆಯರು ಕರೆದುಕೊಂಡು ಹೋಗುತ್ತಿರುವುದು, ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುವುದು. ಸತ್ತವರು ರಾಜರೇ ಆಗಬೇಕಿಲ್ಲ. ಊರಿನ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತ ಸಾಮಾನ್ಯರಿಗೂ ಕಲ್ಲು ನಿಲ್ಲಿಸಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಂತೂ ಒಂದು ನಾಯಿಗೆ ನಿಲ್ಲಿಸಿದ ಕಲ್ಲಿತ್ತು. ಸುಮಾರು 949ರದ್ದು. ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂಗೆ ಸೇರಿದೆ. ಮಣಲೇರ ಅನ್ನುವ ಯೋಧ ತನ್ನ ಶೌರ್ಯಕ್ಕೆ ಬಹುಮಾನವಾಗಿ ಕೇಳಿ ಪಡೆದ ಬೇಟೆನಾಯಿ. ಕಾಡುಹಂದಿಯ ಜೊತೆ ಕಾದಾಡಿ ಸತ್ತಿತು, ಹಂದಿಯೂ ಸತ್ತಿತು. ನಾಯಿಯ ಹೆಸರು ಕಾಳಿ.

ಸಾವಿರ ವರ್ಷಕ್ಕೂ ಹಿಂದಿನ ಒಂದು ನಾಯಿಯ ಹೆಸರು ನಮಗೆ ಗೊತ್ತು. ಎಷ್ಟು ಒಳ್ಳೆಯ ಜನ ಅಲ್ವಾ, ಬರೆದಿಟ್ಟರು. ನೂರು ವರ್ಷದ ಹಿಂದೆ ದೊಡ್ಡ ಮನೆಯೊಂದರಲ್ಲಿ ದಿನಾ ಐವತ್ತು ಜನಕ್ಕೆ ಬೇಯಿಸಿದ ಹೆಂಗಸಿನ ಹೆಸರು ಗೊತ್ತಿಲ್ಲ. ಕೂಲಿಯವರದ್ದಷ್ಟೇ ಅಲ್ಲ, ಮನೆಯದೇ ಹೆಂಗಸರದ್ದೂ ಗೊತ್ತಿಲ್ಲ. ವಂಶವೃಕ್ಷ ಅಂತ ಗೋಡೆಗೆ ಹಾಕಿರುತ್ತಾರೆ. ತಾತ, ಮುತ್ತಾತ, ಅವರ ಅಪ್ಪ, ಎಲ್ಲ ಗಂಡಸರು. ಹೆಂಡತಿ ಅಂತ ಒಂದು ಪದವಾದರೂ ಇರಬೇಕಲ್ಲ? ಬಾಣಂತಿ ಕೋಣೆ ತೋರಿಸುತ್ತಾರೆ. ಅಲ್ಲಿ ಹೆತ್ತವರು ಎಷ್ಟು ಜನ, ಉಳಿದ ಮಕ್ಕಳೆಷ್ಟು? ಚಿಕ್ಕ ವಯಸ್ಸಲ್ಲೇ ಗಂಡ ಸತ್ತು, ತಲೆ ಬೋಳಿಸಿಕೊಂಡು ಹಿಂದಿನ ಕೋಣೆಯಲ್ಲಿ ಬದುಕಿಡೀ ಕಳೆದ ಅತ್ತೆಯೋ ಚಿಕ್ಕಮ್ಮನೋ ಎಷ್ಟೋ ಮನೆಗಳಲ್ಲಿ ಇದ್ದರು. ಆ ಕೋಣೆ ಯಾವುದು? ಇದನ್ನು ಕೇಳಿದಾಗ ತೋರಿಸುವವರು ಮುಜುಗರಪಡುತ್ತಾರೆ. ಕೆಲವರು ಮಾತ್ರ ಒಂದು ಕ್ಷಣ ನಿಂತು "ನಮ್ಮ ಮನೆಯಲ್ಲೂ ಒಬ್ಬರಿದ್ದರು" ಅಂತ ಶುರು ಮಾಡುತ್ತಾರೆ. ಆಮೇಲೆ ನಡೆಯುವ ಮಾತು ಯಾವ ಬೋರ್ಡಿನಲ್ಲೂ ಇರುವುದಿಲ್ಲ.

ಬೇರೆ ಥರ ಮಾಡಬಹುದು ಅಂತ ಗಟ್ಟಿಯಾಗಿ ಅನಿಸಿದ್ದು ದೂರದ ನ್ಯೂಯಾರ್ಕಿನಲ್ಲಿ. ನ್ಯೂಜೆರ್ಸಿಯ ತಂಗಿ ಮನೆಗೆ ಹೋಗಿದ್ದಾಗ ಅವಳೇ ಕರೆದುಕೊಂಡು ಹೋದಳು. ಟೆನೆಮೆಂಟ್ ಮ್ಯೂಸಿಯಂ, ಆರ್ಚರ್ಡ್ ಸ್ಟ್ರೀಟ್‌ನ 97ನೇ ನಂಬರ್. 1863ರಲ್ಲಿ ಕಟ್ಟಿದ ಬಾಡಿಗೆ ಮನೆಗಳ ಕಟ್ಟಡ. ಒಂದೊಂದು ಮನೆ ಮೂರು ಪುಟ್ಟ ಕೋಣೆ, ಎಲ್ಲ ಸೇರಿ ಸುಮಾರು 325 ಚದರಡಿ. ಶುರುವಿನಲ್ಲಿ ಒಳಗೆ ನಲ್ಲಿ ಇರಲಿಲ್ಲ, ಕಕ್ಕಸು ಹಿಂದಿನ ಅಂಗಳದಲ್ಲಿ. ಬೇರೆ ಬೇರೆ ದೇಶಗಳಿಂದ ಬಂದ ಸುಮಾರು 7000 ಜನ ಅಲ್ಲಿ ಬಾಡಿಗೆಗೆ ಇದ್ದು ಹೋದರು. 1935ರಲ್ಲಿ ಹೊಸ ಕಾನೂನಿನ ಪ್ರಕಾರ ದುರಸ್ತಿ ಮಾಡಿಸುವ ಬದಲು ಮಾಲೀಕರು ಮೇಲಿನ ಮನೆಗಳನ್ನು ಖಾಲಿ ಮಾಡಿಸಿ ಬೀಗ ಹಾಕಿದರು. 1988ರಲ್ಲಿ ಮ್ಯೂಸಿಯಂ ಕಟ್ಟಲು ಹೊರಟವರಿಗೆ ಕಟ್ಟಡ ಸಿಕ್ಕಾಗ ಮೇಲಿನ ಮಹಡಿಗಳು ಹೆಚ್ಚುಕಡಿಮೆ ಹಾಗೇ ಇದ್ದವು. ಗೋಡೆ ಕಾಗದ ಪದರ ಪದರವಾಗಿ, ಒಂದು ಸಂಸಾರದ ಮೇಲೆ ಇನ್ನೊಂದು ಸಂಸಾರದ್ದು.

ಅಲ್ಲಿ ಕೇಳಿದ ಕಥೆಗಳೆಲ್ಲ ಬಾಡಿಗೆಗೆ ಇದ್ದವರದ್ದು. ನಥಾಲಿ ಗಂಪರ್ಟ್ಜ್ ಅನ್ನುವ ಹೆಂಗಸಿನ ಗಂಡ 1874ರಲ್ಲಿ ಒಂದು ದಿನ ಕೆಲಸಕ್ಕೆ ಹೋದವನು ಬರಲೇ ಇಲ್ಲ. ಅವಳು ಆ ಕೋಣೆಯಲ್ಲೇ ಬಟ್ಟೆ ಹೊಲಿದು ಹೆಣ್ಣುಮಕ್ಕಳನ್ನು ಸಾಕಿದಳು. ಅದೇ ಕಟ್ಟಡದಲ್ಲಿ ಮುಂದೆ ಇದ್ದ ಬಾಲ್ಡಿಜ್ಜಿ ಸಂಸಾರದ ಮಗಳು ಜೋಸೆಫಿನ್ ಮುದುಕಿಯಾದ ಮೇಲೆ ತನ್ನ ಬಾಲ್ಯ ನೆನೆದು ಆಡಿದ ಮಾತನ್ನು ಮ್ಯೂಸಿಯಂನವರು ರೆಕಾರ್ಡ್ ಮಾಡಿಕೊಂಡಿದ್ದಾರೆ. ಸಾಕ್ಷಿ ಸಿಗುವುದಿಲ್ಲ ಅನ್ನುವ ನೆಪ ಅಲ್ಲಿ ನಿಂತ ಮೇಲೆ ನನಗೆ ಒಪ್ಪಿಗೆಯಾಗುವುದಿಲ್ಲ. ಜನಗಣತಿ ಪಟ್ಟಿ, ಕೋರ್ಟಿನ ಕಾಗದ, ಬದುಕಿದ್ದವರ ಮಾತು, ಇಷ್ಟರಿಂದ ಒಬ್ಬ ದರ್ಜಿ ಹೆಂಗಸಿನ ಬದುಕನ್ನು ಅವರು ಕಟ್ಟಿಕೊಟ್ಟರು. ವಾಪಸ್ ಬರುವ ರೈಲಿನಲ್ಲಿ ತಂಗಿ ಕೇಳಿದಳು, "ನಮ್ಮ ಬೆಂಗಳೂರಿನ ವಠಾರ ಒಂದಾದರೂ ಹೀಗೆ ಇಟ್ಟಿದ್ದಾರಾ?" ನಾನು ನೋಡಿದ ಮಟ್ಟಿಗೆ ಒಂದೂ ಇಲ್ಲ. ಚಾಮರಾಜಪೇಟೆಯಲ್ಲಿ, ಬಸವನಗುಡಿಯಲ್ಲಿ, ಮಲ್ಲೇಶ್ವರದಲ್ಲಿ ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ಒಂದೇ ನಲ್ಲಿ, ಸಾಲು ಮನೆ, ಬೆಳಗ್ಗೆ ನೀರಿಗೆ ಕಾಯುವ ಬಿಂದಿಗೆಗಳು, ಅರ್ಧ ಬೆಂಗಳೂರು ಹುಟ್ಟಿ ಬೆಳೆದದ್ದೇ ಅಲ್ಲಿ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಶುರು ಮಾಡಿದಾಗ ಜನ ಕೂಗು ಹಾಕಿದ್ದಕ್ಕೆ ಅದು ಉಳಿಯಿತು, 2016ರಲ್ಲಿ ಮ್ಯೂಸಿಯಂ ಆಯಿತು. ವಠಾರಕ್ಕೂ ಹಾಗೆ ಯಾರಾದರೂ ಕೂಗು ಹಾಕಬೇಕು. ಒಂದು ಉಳಿದರೂ ಸಾಕು.

ಈ ಕೆಲಸಕ್ಕೆ ಸಮಯ ಜಾಸ್ತಿ ಇಲ್ಲ. 1974ರಲ್ಲಿ ಇಪ್ಪತ್ತು ವರ್ಷದವರಾಗಿದ್ದ ಒಕ್ಕಲಿನ ಹುಡುಗರು ಈಗ ಎಪ್ಪತ್ತು ದಾಟಿದ್ದಾರೆ. ದೊಡ್ಡ ಮನೆಗಳಲ್ಲಿ ಭತ್ತ ಕುಟ್ಟಿದ, ದನದ ಕೊಟ್ಟಿಗೆ ಬಳಿದ ಹೆಂಗಸರು ಅದಕ್ಕಿಂತ ದೊಡ್ಡವರು. ಮ್ಯೂಸಿಯಂಗಳಿಗೆ ನನ್ನ ಬೇಡಿಕೆ ಸಣ್ಣದು. ಮೊಬೈಲ್ ಫೋನ್ ಸಾಕು, ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ. ಅವರನ್ನೇ ಕರೆಸಿ ಅಡುಗೆಮನೆ ತೋರಿಸಲು ಹೇಳಿ, ಅದಕ್ಕೆ ಸರಿಯಾದ ಸಂಬಳ ಕೊಡಿ. ನೋಡಲು ಹೋಗುವವರಿಗೂ ಒಂದು ಮಾತಿದೆ. ವಾರದ ನಡುವೆ ಹೋಗಿ, ಶಾಲಾ ಪ್ರವಾಸದ ಬಸ್ಸುಗಳು ಇಲ್ಲದ ಹೊತ್ತಲ್ಲಿ. ಸಾಧ್ಯವಾದರೆ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ. ಮಂಡಿ ನೋವು ಅಂತ ಬಿಟ್ಟು ಹೋಗಬೇಡಿ, ಕೆಳಗಿನ ಅಂತಸ್ತಿನಲ್ಲೇ ಅವರಿಗೆ ಬೇಕಾದದ್ದೆಲ್ಲ ಇರುತ್ತದೆ.

ಮಲೆನಾಡಿನ ಒಂದು ಸಣ್ಣ ವಸ್ತುಸಂಗ್ರಹದಲ್ಲಿ ಉದ್ದನೆಯ ಮರಿಗೆ ಒಂದನ್ನು ಇಟ್ಟಿದ್ದರು. ಚೀಟಿಯಲ್ಲಿ "ಮರದ ಪಾತ್ರೆ" ಅಂತ ಮಾತ್ರ ಇತ್ತು. ಮೊಮ್ಮಕ್ಕಳ ಜೊತೆ ಬಂದಿದ್ದ ಅಜ್ಜಿಯೊಬ್ಬರು ಅದರ ಮುಂದೆ ನಿಂತು ಜೋರಾಗಿ ಹೇಳತೊಡಗಿದರು. ಇದು ಅನ್ನ ಬಸಿಯುವುದು ಕಣ್ರೋ, ಇಲ್ಲಿಗೆ ಹಂಡೆಯಿಂದ ಸುರಿಯಬೇಕು, ಒಬ್ಬರ ಕೈಲಿ ಆಗುವುದಿಲ್ಲ, ಇಬ್ಬರು ಹಿಡಿಯಬೇಕು, ಬಿಸಿ ಗಂಜಿ ಸಿಡಿದು ನನ್ನ ಕೈ ಇಲ್ಲಿ ಸುಟ್ಟಿದೆ ನೋಡಿ. ಗಂಜಿಯಲ್ಲಿ ಗಟ್ಟಿಯಾದದ್ದು ಆಳುಗಳಿಗೆ, ತಿಳಿ ದನಗಳ ಅಕ್ಕಚ್ಚಿಗೆ. ನಾವು ಹೆಂಗಸರು ಕಡೆಗೆ ಉಳಿದದ್ದು. ಕೌಂಟರ್‌ನಲ್ಲಿ ಟಿಕೆಟ್ ಕೊಡುತ್ತಿದ್ದ ಹುಡುಗಿ ಎದ್ದು ಬಂದು, "ಅಜ್ಜಿ, ಇನ್ನೊಂದು ಸಲ ನಿಧಾನವಾಗಿ ಹೇಳಿ, ಬರೆದುಕೊಳ್ಳುತ್ತೇನೆ" ಅಂದಳು. ಅಜ್ಜಿ ಮೊದಲಿಂದ ಶುರು ಮಾಡಿದರು, ಈ ಸಲ ಯಾವ ಅಕ್ಕಿಗೆ ಎಷ್ಟು ನೀರು ಅನ್ನುವುದರಿಂದ.